ಮಲ್ಲಿಪಟ್ಟಣದ ಸೀಮೆ: ಕುರಿಹಟ್ಟಿಯಿಂದ ಊಟದೆಲೆಗೆ

ಹಾಸನದಿಂದ ದಕ್ಷಿಣಕ್ಕೆ ಹೊರಟ ಬಸ್ಸು ಗೊರೂರಿನ ಬಳಿ ಹೇಮಾವತಿಯನ್ನು ದಾಟಿ ಅರಕಲಗೂಡಿನ ದಾರಿ ಹಿಡಿಯಿತೆಂದರೆ, ನೆಲದ ಬಣ್ಣವೂ ಗಾಳಿಯ ತಂಪೂ ಮೆಲ್ಲಗೆ ಬದಲಾಗತೊಡಗುತ್ತವೆ. ಅರ್ಕನ ಗುಡಿಯಿಂದ ಅರಕಲಗೂಡೆಂಬ ಹೆಸರು ಬಂದಿತೆಂದು ಸ್ಥಳಪುರಾಣ ಹೇಳುತ್ತದೆ. ಆ ಸೂರ್ಯನ ಊರನ್ನು ಹಿಂದೆ ಬಿಟ್ಟು ಕೊಡಗಿನ ಗಡಿಯ ಕಡೆಗೆ ಹೊರಟರೆ ಬಯಲುಸೀಮೆ ಹಿಂದೆ ಸರಿದು ಅರೆಮಲೆನಾಡು ಎದುರುಗೊಳ್ಳುತ್ತದೆ. ಮಲ್ಲಿಪಟ್ಟಣ ಇರುವುದು ಈ ದಿಕ್ಕಿನಲ್ಲಿ. ಹೆಸರಿನಲ್ಲಿ ಪಟ್ಟಣವಿದ್ದರೂ ಇದೊಂದು ಹೋಬಳಿಯ ಊರು. ತಾಲ್ಲೂಕಿನ ಬಡಗಲಿಗೆ ಹೇಮಾವತಿ, ತೆಂಕಲಿಗೆ ಕಾವೇರಿ. ಎರಡು ನದಿಗಳ ನಡುವಣ ಈ ಸೀಮೆಯ ರೈತ ರಾಗಿಯನ್ನು ಮನೆಗೆಂದೂ, ಆಲೂಗಡ್ಡೆ, ಶುಂಠಿ, ಮುಸುಕಿನ ಜೋಳ, ಹೊಗೆಸೊಪ್ಪುಗಳನ್ನು ಮಾರಾಟಕ್ಕೆಂದೂ ಬೆಳೆಯುತ್ತಾನೆ. ಗಡಿಯಾಚೆಗೆ ಕೊಡ್ಲಿಪೇಟೆ, ಶನಿವಾರಸಂತೆ. ಕಡೆಯ ಊರಿಗಂತೂ ಸಂತೆಯ ದಿನವೇ ಹೆಸರಾಗಿ ನಿಂತಿದೆ. ವಾರಕ್ಕೊಮ್ಮೆ ಜನ ಕೂಡುವುದು ಈ ಸೀಮೆಯಲ್ಲಿ ಎಷ್ಟು ದೊಡ್ಡ ವಿಷಯವೆಂಬುದಕ್ಕೆ ಬೇರೆ ಸಾಕ್ಷಿ ಬೇಕಿಲ್ಲ.

ಇಲ್ಲಿಯ ಬೆಳೆಗಳು ಬಲು ದೂರ ಪ್ರಯಾಣ ಮಾಡುತ್ತವೆ. ಹೊಗೆಸೊಪ್ಪು ರಾಮನಾಥಪುರದ ಹರಾಜು ಕಟ್ಟೆಯನ್ನು ಹತ್ತಿ, ಅಲ್ಲಿಂದ ಯಾವ ದೇಶದ ಯಾರ ತುಟಿಯಲ್ಲಿ ಹೊಗೆಯಾಗುವುದೋ ಬೆಳೆದವನಿಗೆ ತಿಳಿಯದು. ತಿಳಿಯುವ ಅಗತ್ಯವೂ ಅವನಿಗೆ ಕಂಡಿಲ್ಲ. ಶುಂಠಿಯದೂ ಅದೇ ಕಥೆ. ಆದರೆ ಅದೇ ರೈತನ ಕೊಟ್ಟಿಗೆಯ ಮೂಲೆಯಲ್ಲಿ ಕಟ್ಟಿದ ಕುರಿಯ ಪ್ರಯಾಣ ಮಾತ್ರ ಹಾಗಲ್ಲ. ಅದು ಹಟ್ಟಿಯಿಂದ ಸಂತೆಗೆ, ಸಂತೆಯಿಂದ ಅಂಗಡಿಗೆ, ಅಂಗಡಿಯಿಂದ ಅಡುಗೆಮನೆಗೆ ಬರುವಷ್ಟರಲ್ಲಿ ಹತ್ತಾರು ಮೈಲಿಯನ್ನಷ್ಟೆ ಕಂಡಿರುತ್ತದೆ. ಸಾಕಿದವನು, ಕೊಂಡವನು, ಕೊಯ್ದವನು, ಉಂಡವನು ಇವರಲ್ಲಿ ಬಹುಪಾಲು ಜನ ಒಬ್ಬರಿಗೊಬ್ಬರು ಮುಖಪರಿಚಯವಿದ್ದವರು. ಪೇಟೆಯ ಪತ್ರಿಕೆಗಳಲ್ಲಿ ಈಚೆಗೆ ಬಹಳ ಸದ್ದು ಮಾಡಿದ ಹಲಾಲ್ ಎಂಬ ಮಾತಿನ ಒಳಗನ್ನು ಅರಿಯಬೇಕಾದರೆ, ದೊಡ್ಡ ಕಾರ್ಖಾನೆಗಳನ್ನು ಹೊಕ್ಕು ಹೊರಡುವುದಕ್ಕಿಂತ ಈ ಸಣ್ಣ ದಾರಿಯನ್ನು ಮೊದಲು ನಡೆದು ನೋಡುವುದು ಮೇಲು.

ಹಲಾಲ್ ಎಂಬುದು ಅರಬ್ಬೀ ಮಾತು. ಧರ್ಮವು ಒಪ್ಪಿದ್ದು ಎಂದು ಅದರ ಅರ್ಥ, ಒಪ್ಪದ್ದು ಹರಾಮ್. ಎರಡನೆಯ ಮಾತು ಕನ್ನಡಕ್ಕೆ ಬಂದು ಎಷ್ಟೋ ಕಾಲವಾಯಿತು. ಮೈಗಳ್ಳನನ್ನೂ ಉಂಡ ಮನೆಗೆ ಎರಡು ಬಗೆದವನನ್ನೂ ಬೈಯುವ ಹಳ್ಳಿಯ ಹಿರಿಯರು ಅದನ್ನು ಬಳಸುವಾಗ, ಅದು ಪರಭಾಷೆಯ ಪದವೆಂದು ಯಾರೂ ಯೋಚಿಸುವುದಿಲ್ಲ. ಬೈಗುಳವಾಗಿ ಬಂದ ಮಾತು ಬೇಗ ನೆಲೆಯೂರುತ್ತದೆ. ಮೆಚ್ಚುಗೆಯ ಮಾತಿಗೆ ಆ ಭಾಗ್ಯವಿಲ್ಲ. ಮಾತಿನ ವ್ಯಾಪ್ತಿಯೂ ಮಾಂಸಕ್ಕೆ ಸೀಮಿತವಾದುದಲ್ಲ. ದುಡಿದು ತಂದ ಹಣ ಹಲಾಲು, ಬಡ್ಡಿಯ ಹಣ ಹರಾಮು. ಕದ್ದು ತಂದ ಕುರಿಯನ್ನು ಎಷ್ಟು ಶಾಸ್ತ್ರೋಕ್ತವಾಗಿ ಕೊಯ್ದರೂ ಕದ್ದವನ ಪಾಪ ಹೋಗದು. ಹಂದಿಯ ಮಾಂಸ, ರಕ್ತ, ತಾನಾಗಿ ಸತ್ತ ಪ್ರಾಣಿ, ಮದ್ಯ ಇವು ನಿಷಿದ್ಧ. ಮೀನಿಗೆ ಕೊಯ್ಯುವ ವಿಧಿಯೇ ಇಲ್ಲ. ಕುರಿ, ಮೇಕೆ, ಕೋಳಿಗಳಿಗೆ ಮಾತ್ರ ಕ್ರಮ ಬಿಗಿಯಾದದ್ದು. ಪ್ರಾಣಿ ಬದುಕಿರಬೇಕು, ಆರೋಗ್ಯವಾಗಿರಬೇಕು. ಕತ್ತಿ ಹರಿತವಾಗಿರಬೇಕು, ಆದರೆ ಅದನ್ನು ಪ್ರಾಣಿಯ ಕಣ್ಣೆದುರಿಗೆ ಮಸೆಯಬಾರದು. ಒಂದನ್ನು ಕೊಯ್ಯುವುದನ್ನು ಇನ್ನೊಂದು ನೋಡಬಾರದು. ದೇವರ ಹೆಸರನ್ನು ಉಚ್ಚರಿಸಿ, ಶ್ವಾಸನಾಳ, ಅನ್ನನಾಳ, ಕತ್ತಿನ ರಕ್ತನಾಳಗಳನ್ನು ಬೇಗನೆ ಕೊಯ್ದು, ತಲೆಯನ್ನು ಬೇರ್ಪಡಿಸದೆ, ರಕ್ತ ಪೂರ್ತಿ ಹರಿದುಹೋಗಲು ಬಿಡಬೇಕು. ಶಾಸ್ತ್ರ ಇಷ್ಟೆ. ಇದನ್ನು ಬಲ್ಲ ಕೈ, ಮರೆಯದ ಬಾಯಿ ಎರಡೂ ಇದ್ದರೆ ಬೇರೆ ಸಲಕರಣೆ ಬೇಕಿಲ್ಲ. ಕಾಗದಪತ್ರವಂತೂ ಬೇಕೇ ಇಲ್ಲ.

ಕುರಿಯ ವ್ಯಾಪಾರ ಕಣ್ಣಿನದಕ್ಕಿಂತ ಕೈಯದು. ಸಂತೆಗೆ ಬಂದ ಕಟುಕ ಕುರಿಯ ಮೋರೆಯನ್ನು ನೋಡುವುದು ಬರಿಯ ಉಪಚಾರಕ್ಕೆ. ಅವನ ಬೆರಳು ಹೋಗುವುದು ಸೊಂಟದ ಮೇಲಕ್ಕೆ. ಬೆನ್ನುಮೂಳೆಯ ಇಕ್ಕೆಲದಲ್ಲಿ ಎಷ್ಟು ಕಂಡವಿದೆ, ಬಾಲದ ಬುಡದಲ್ಲಿ ಎಷ್ಟು ಕೊಬ್ಬಿದೆ ಎಂದು ಒತ್ತಿ ನೋಡಿ, ತುಟಿಯನ್ನು ಎತ್ತಿ ಹಲ್ಲನ್ನು ಎಣಿಸಿ, ಒಂದು ಕ್ಷಣ ಸುಮ್ಮನೆ ನಿಲ್ಲುತ್ತಾನೆ. ಆ ಮೌನದಲ್ಲಿ ನಡೆಯುವುದು ಗಣಿತ. ಬದುಕಿರುವ ಕುರಿಯ ತೂಕದಲ್ಲಿ ಹೆಚ್ಚುಕಡಿಮೆ ಅರ್ಧದಷ್ಟೆ ಮಾಂಸವಾಗಿ ಅಂಗಡಿಯ ಕೊಕ್ಕೆಗೆ ಬರುತ್ತದೆ. ಉಳಿದದ್ದರಲ್ಲಿ ತಲೆ, ಕಾಲು, ಬೋಟಿಗಳಿಗೆ ಪ್ರತ್ಯೇಕ ಗಿರಾಕಿಗಳುಂಟು. ಚರ್ಮ ಉಪ್ಪು ಸವರಿಸಿಕೊಂಡು ಮಂಡಿಗೆ ಹೋಗುತ್ತದೆ. ಒಂದು ಕಾಲದಲ್ಲಿ ಕಟುಕನ ಲಾಭವೆಲ್ಲ ಚರ್ಮದಲ್ಲೇ ಇತ್ತೆಂದು ಹಳಬರು ಹೇಳುವುದುಂಟು; ಈಚಿನ ವರ್ಷಗಳಲ್ಲಿ ಅದರ ಬೆಲೆ ಬಿದ್ದುಹೋಗಿ, ಹೊತ್ತೊಯ್ದ ಕೂಲಿಯೂ ಗಿಟ್ಟದ ದಿನಗಳು ಬಂದಿವೆ. ದೊಡ್ಡ ಜಾತ್ರೆಗಳಲ್ಲಿ ದನದ ವ್ಯಾಪಾರ ನಡೆಯುವಾಗ ಟವೆಲ್ಲಿನ ಮರೆಯಲ್ಲಿ ಬೆರಳು ಹಿಡಿದು ಬೆಲೆ ಹೇಳುವ ಹಳೆಯ ರೂಢಿಯಿದೆಯಲ್ಲ, ಕುರಿಯ ವ್ಯಾಪಾರದಲ್ಲಿ ಅಷ್ಟು ಗುಟ್ಟಿಲ್ಲ. ಇಲ್ಲಿ ಗದ್ದಲವೇ ಮರೆ.

2019ರ ಜಾನುವಾರು ಗಣತಿಯಂತೆ ಕರ್ನಾಟಕದಲ್ಲಿ ಸುಮಾರು 1 ಕೋಟಿ 11 ಲಕ್ಷ ಕುರಿಗಳಿದ್ದುವು. ದೇಶದಲ್ಲಿ ತೆಲಂಗಾಣ, ಆಂಧ್ರಗಳನ್ನು ಬಿಟ್ಟರೆ ಮೂರನೆಯ ಸ್ಥಾನ. ಹಾಸನ ಜಿಲ್ಲೆಗೆ ತನ್ನ ಹೆಸರಿನದೇ ಒಂದು ಕುರಿಯ ತಳಿಯೂ ಉಂಟು. ಆದರೂ ಮಾಂಸದ ರುಚಿಯ ಮಾತು ಬಂದರೆ ಹಾಸನದವರೂ ಪಕ್ಕದ ಮಂಡ್ಯದ ಬನ್ನೂರು ಕುರಿಗೇ ಪಟ್ಟ ಕಟ್ಟುತ್ತಾರೆ. ಮೊಂಡುಕಾಲಿನ, ಪೀಪಾಯಿಯಂಥ ಮೈಯ ಆ ಕುರಿಯ ಕೊಬ್ಬು ಮಾಂಸದ ಒಳಗೇ ಹೆಣೆದುಕೊಂಡಿರುತ್ತದೆಂಬುದು ಬಲ್ಲವರ ಮಾತು. ಅರಕಲಗೂಡಿನ ಕಡೆಯ ಬಡ ರೈತನಿಗೆ ತಳಿಯ ಕುಲಗೋತ್ರ ಮುಖ್ಯವಲ್ಲ. ಅವನಿಗೆ ಕುರಿಯೆಂದರೆ ಸಣ್ಣದೊಂದು ಬ್ಯಾಂಕು. ಮಗನ ಕಾಲೇಜಿನ ಶುಲ್ಕ, ಹೆಂಡತಿಯ ಆಸ್ಪತ್ರೆಯ ಖರ್ಚು, ಆಲೂಗಡ್ಡೆಗೆ ಅಂಗಮಾರಿ ತಗುಲಿ ಬೆಳೆ ಕೈಕೊಟ್ಟ ವರ್ಷದ ಬಿತ್ತನೆ ಇವಕ್ಕೆಲ್ಲ ಅರ್ಜಿ ಬರೆಯದೆ, ಜಾಮೀನು ಕೇಳದೆ ಹಣ ಕೊಡುವ ಬ್ಯಾಂಕು ಅದೊಂದೇ. ಆ ಬ್ಯಾಂಕಿನ ಹಣ ತೆಗೆಯುವ ಕಿಟಕಿಯ ಹಿಂದೆ ಕುಳಿತವನು ಮಾತ್ರ ಕಟುಕ. ಇದನ್ನು ಮರೆತು ಹಲಾಲಿನ ಲೆಕ್ಕ ಹಾಕಿದರೆ ಲೆಕ್ಕ ತಪ್ಪುತ್ತದೆ.

ಕಟುಕರಲ್ಲಿ ಎಲ್ಲರೂ ಮುಸಲ್ಮಾನರೇನಲ್ಲ. ಅರೆಕಟಿಕರೆಂಬ ಹಿಂದೂ ಸಮುದಾಯವೇ ಈ ಕಸುಬಿನದು. ಆದರೂ ಹಳೆಯ ಮೈಸೂರು ಸೀಮೆಯ ಬಹಳಷ್ಟು ಊರುಗಳಲ್ಲಿ ಅಂಗಡಿ ಇಟ್ಟವರು ಸಾಬರು; ಗಿರಾಕಿಗಳಲ್ಲಿ ಹೆಚ್ಚಿನವರು ಗೌಡರು, ಕುರುಬರು, ನಾಯಕರು, ದಲಿತರು. ಉಣ್ಣುವವರ ಸಂಖ್ಯೆಯನ್ನು ನೋಡಿದರೆ ಈ ವ್ಯಾಪಾರ ಮುಸಲ್ಮಾನರಿಗಿಂತ ಹಿಂದೂಗಳನ್ನೇ ನೆಚ್ಚಿಕೊಂಡಿದೆ. ಆದ್ದರಿಂದ ಪಂಚಾಂಗವನ್ನು ಪುರೋಹಿತರಷ್ಟೇ ಎಚ್ಚರದಿಂದ ನೋಡುವ ಮತ್ತೊಬ್ಬ ಮನುಷ್ಯ ಊರಿನಲ್ಲಿದ್ದರೆ ಅವನು ಕಟುಕ. ಸೋಮವಾರ ಈಶ್ವರನ ವಾರ, ಶನಿವಾರ ತಿಮ್ಮಪ್ಪನ ವಾರ. ಆ ಎರಡು ದಿನ ಹೆಚ್ಚು ಕುರಿ ಕೊಯ್ದರೆ ನಷ್ಟ. ಭಾನುವಾರ ಮತ್ತು ಮಂಗಳವಾರ ಕೈ ಬಿಡುವಿರುವುದಿಲ್ಲ. ಶ್ರಾವಣದಲ್ಲಿ ಅಂಗಡಿಯ ಮುಂದೆ ನೊಣ ಹೊಡೆಯಬೇಕು. ಪಿತೃಪಕ್ಷ ಬಂದಿತೋ, ಹಿರಿಯರಿಗೆ ಎಡೆ ಇಡಲು ಊರಿಗೆ ಊರೇ ಬಾಗಿಲಿಗೆ ಬಂದು ನಿಲ್ಲುತ್ತದೆ. ಸತ್ತವರು ಬದುಕಿದ್ದಾಗ ಏನನ್ನು ಮೆಚ್ಚಿ ಉಣ್ಣುತ್ತಿದ್ದರೋ ಅದನ್ನೇ ಎಡೆಗೆ ಇಡಬೇಕಲ್ಲವೇ?

ಇವೆಲ್ಲಕ್ಕೂ ಮಿಗಿಲಾದ ದಿನ ಹೊಸತೊಡಕು. ಯುಗಾದಿಯ ದಿನ ಬೇವು ಬೆಲ್ಲ, ಒಬ್ಬಟ್ಟು, ಮರುದಿನ ಬಾಡೂಟ. ಹೊಸ ವರ್ಷದ ಮೊದಲ ತೊಡಕು ರುಚಿಯದಾಗಿರಲೆಂಬ ಆಶಯವಿರಬಹುದು. ಆ ದಿನ ಮಾಂಸ ಮಾಡದ ಮಾಂಸಾಹಾರಿ ಮನೆ ಹಳೆಯ ಮೈಸೂರಿನಲ್ಲಿ ವಿರಳ. ಕೂಲಿಯವನ ಮನೆಯಲ್ಲೂ ಒಲೆಯ ಮೇಲೆ ಬಾಡು ಬೇಯಬೇಕೆಂದು ಜನ ಒಂದು ಉಪಾಯವನ್ನು ಕಂಡುಕೊಂಡಿದ್ದಾರೆ. ಅದೇ ಯುಗಾದಿಯ ಚೀಟಿ. ವರ್ಷದುದ್ದಕ್ಕೂ ಸ್ವಲ್ಪ ಸ್ವಲ್ಪ ಹಣ ಕಟ್ಟುತ್ತ ಬಂದು, ಹೊಸತೊಡಕಿನ ದಿನ ತಮ್ಮ ಪಾಲಿನ ಮಾಂಸವನ್ನು ಪಡೆಯುವುದು. ಇನ್ನೊಂದು ರೂಢಿ ಗುಡ್ಡೆ ಬಾಡು. ಹತ್ತು ಹದಿನೈದು ಮನೆಯವರು ಸೇರಿ ಕುರಿಗಳನ್ನು ಕೊಂಡು ಕೊಯ್ಯಿಸಿ, ಮುತ್ತುಗದೆಲೆಯನ್ನೋ ಬಾಳೆಲೆಯನ್ನೋ ಸಾಲಾಗಿ ಹಾಸಿ, ತೊಡೆ, ಪಕ್ಕೆ, ಲಿವರು, ಮೂಳೆ ಎಲ್ಲವೂ ಎಲ್ಲ ಗುಡ್ಡೆಗೂ ಬರುವಂತೆ ಹಂಚುವುದು. ಇದರಲ್ಲಿ ತಕ್ಕಡಿಗಿಂತ ಕಣ್ಣಂದಾಜಿಗೆ ಮರ್ಯಾದೆ ಹೆಚ್ಚು. ಹಂಚಿದವನು ತನ್ನ ಗುಡ್ಡೆಯನ್ನು ಎಲ್ಲರಾದ ಮೇಲೆ ಎತ್ತಿಕೊಳ್ಳಬೇಕೆಂಬುದು ಒಳ್ಳೆಯ ನ್ಯಾಯಶಾಸ್ತ್ರ. ನಮ್ಮ ಆಯವ್ಯಯ ಪತ್ರಗಳನ್ನು ತಯಾರಿಸುವವರಿಗೂ ಈ ಪದ್ಧತಿಯನ್ನು ವಿಧಿಸಬಹುದಾಗಿತ್ತು.

“ಏನ್ ಸಾಬ್ರೇ, ಉಗಾದಿಗೆ ಮೂರು ಟಗರು ಕುಯ್ಯಬೇಕು, ಬೆಳಗಿನ ಜಾವಕ್ಕೇ ಬಂದ್ಬಿಡಿ.”

“ಆಯ್ತು ಗೌಡ್ರೇ. ಆದ್ರೆ ಮೊದ್ಲು ಅಂಗಡೀದು ಮುಗಿಸ್ಕೊಂಡು ಬತ್ತೀನಿ, ಕ್ವಾಪ ಮಾಡ್ಕೋಬೇಡಿ.”

ಇಂಥ ಮಾತುಗಳು ಹಬ್ಬದ ಹಿಂದಿನ ವಾರ ಈ ಸೀಮೆಯಲ್ಲಿ ಎಲ್ಲಿ ನಿಂತರೂ ಕಿವಿಗೆ ಬೀಳುವಂಥವು. ಸಾಬರನ್ನೇ ಏಕೆ ಕರೆಯಬೇಕೆಂದರೆ ಉತ್ತರ ಸರಳ. ಕೈ ಪಳಗಿದೆ, ಚರ್ಮ ಹರಿಯದಂತೆ ಬಿಡಿಸುತ್ತಾರೆ, ಕೆಲಸ ಶುಚಿ. ಇದರ ಹಿಂದೆ ಇನ್ನೊಂದು ಕಾರಣವೂ ಉಂಟು. ಅದು ಬೀಗರೂಟದಲ್ಲಿ ಚೆನ್ನಾಗಿ ಕಾಣುತ್ತದೆ. ಮದುವೆಯಾದ ಮೇಲೆ ಗಂಡಿನ ಮನೆಯವರು, ಹೆಣ್ಣಿನ ಮನೆಯವರು ಕೂಡಿ ಉಣ್ಣುವ ಈ ಬಾಡೂಟಕ್ಕೆ ಊರಿನವರೆಲ್ಲರಿಗೂ ಕರೆ ಹೋಗುತ್ತದೆ. ಶುಂಠಿ ವ್ಯಾಪಾರದ ಸಾಬರು, ಲಾರಿಯ ಸಾಬರು, ಮಗ್ಗುಲ ಮನೆಯ ಸಾಬರು ಎಲ್ಲರೂ ಬರಬೇಕು. ಬಂದವರು ಎಲೆಯ ಮುಂದೆ ಕುಳಿತು ಬರಿಯ ಅನ್ನ ಮೊಸರು ಉಂಡು ಎದ್ದರೆ ಮನೆಯ ಯಜಮಾನನಿಗೆ ಅದಕ್ಕಿಂತ ಅವಮಾನವಿಲ್ಲ. ಆದಕಾರಣ ಹಲವು ಮನೆಗಳಲ್ಲಿ ಕುರಿಯನ್ನು ಹಲಾಲು ಮಾಡಿಸಿಯೇ ಅಡುಗೆಗೆ ಕೊಡುವುದು. ಗೌಡರಿಗೆ ಅದರಿಂದ ರುಚಿಯಲ್ಲಿ ಏನೂ ಕಡಿಮೆಯಾಗುವುದಿಲ್ಲ. ಸಾಬರಿಗೆ ಉಣ್ಣಲು ಅಡ್ಡಿಯಿಲ್ಲ. ಗ್ರಾಮದೇವತೆಯ ಹಬ್ಬದ ಮಾತು ಬೇರೆ. ಅಲ್ಲಿ ಒಂದೇ ಏಟಿಗೆ ತಲೆ ಬೀಳಬೇಕು. ಆ ಪ್ರಸಾದ ಮುಸಲ್ಮಾನರಿಗೆ ಸಲ್ಲದು. ಅವರೂ ಕೇಳುವುದಿಲ್ಲ, ಇವರೂ ಒತ್ತಾಯ ಮಾಡುವುದಿಲ್ಲ.

ಈ ಏರ್ಪಾಡು ಹಾಸನದ ಸೀಮೆಯ ವಿಶೇಷವೇನೂ ಅಲ್ಲ. ಮರಾಠಿ ನಾಡಿನ ಹಳ್ಳಿಗಳ ಹಳೆಯ ಬಲುತೆ ವ್ಯವಸ್ಥೆಯಲ್ಲಿ ಬಡಗಿ, ಕಮ್ಮಾರ, ಕುಂಬಾರರ ಪಂಕ್ತಿಯಲ್ಲಿಯೇ ಮುಲಾಣಿಯೆಂಬ ಮುಸಲ್ಮಾನನಿಗೂ ಒಂದು ಸ್ಥಾನವಿತ್ತು. ಊರಿನವರಿಗಾಗಿ ಕುರಿ ಮೇಕೆಗಳನ್ನು ವಿಧಿಯಂತೆ ಕೊಯ್ದುಕೊಡುವುದು ಅವನ ಕೆಲಸ; ಅದಕ್ಕೆ ಪ್ರತಿಫಲವಾಗಿ ಅವನಿಗೂ ಆಯ ಸಲ್ಲುತ್ತಿತ್ತು.

ಈಗ ಕೋಳಿಯ ಕಡೆಗೆ ಬರೋಣ. ಕುರಿಯ ದಾರಿ ಹಳೆಯದಾದರೆ ಕೋಳಿಯದು ತೀರ ಹೊಸದು. ಹಲಾಲು ಕೈಯಿಂದ ಕಾಗದಕ್ಕೆ ಸಾಗುವುದು ಈ ದಾರಿಯಲ್ಲಿಯೇ. ಹಿಂದೆ ಅಂಗಳದಲ್ಲಿ ಕೆದಕಿ ತಿನ್ನುತ್ತಿದ್ದ ನಾಟಿಕೋಳಿ ನೆಂಟರು ಬಂದ ದಿನ ಬುಟ್ಟಿಯ ಕೆಳಗೆ ಸೇರುತ್ತಿತ್ತು. ಇಂದು ಹೊಲದ ನಡುವೆ ಉದ್ದನೆಯ ತಂತಿಬಲೆಯ ಕೊಟ್ಟಿಗೆಗಳು ಎದ್ದಿವೆ. ಕಂಪೆನಿಯವರು ಮರಿಯನ್ನೂ ಮೇವನ್ನೂ ಔಷಧವನ್ನೂ ತಂದುಕೊಡುತ್ತಾರೆ; ಕೊಟ್ಟಿಗೆ, ನೀರು, ವಿದ್ಯುತ್ತು, ದುಡಿಮೆ ರೈತನವು. ಸುಮಾರು 40 ದಿನಕ್ಕೆ ಎರಡು ಕಿಲೋ ತೂಗುವ ಹಕ್ಕಿ ಸಿದ್ಧವಾಗುತ್ತದೆ. ಕೋಳಿ ರೈತನದಲ್ಲ, ಸಾಕಿದ ಕೂಲಿ ಮಾತ್ರ ಅವನದು. ಬಿಸಿಲಿನ ಝಳಕ್ಕೆ ಹಕ್ಕಿಗಳು ಸತ್ತಾವೆಂದು ಲಾರಿಗಳು ರಾತ್ರಿಯಲ್ಲಿ ಬಂದು ತುಂಬಿಕೊಂಡು ಹೋಗುತ್ತವೆ. ನಸುಕಿನಲ್ಲಿ ಹಾಸನದ ದಾರಿಯಲ್ಲಿ ಬಿಳಿಯ ಗರಿಗಳನ್ನು ಉದುರಿಸುತ್ತ ಸಾಗುವ ಪಂಜರದ ಲಾರಿಗಳನ್ನು ಕಾಣದ ಪ್ರಯಾಣಿಕನಿಲ್ಲ.

ಹಾಸನದ ಪೆನ್ಷನ್ ಮೊಹಲ್ಲಾದಂಥ ಕೇರಿಯಲ್ಲಿಯಾಗಲಿ, ಹೊಳೆನರಸೀಪುರ, ಚನ್ನರಾಯಪಟ್ಟಣಗಳ ಪೇಟೆಯಲ್ಲಿಯಾಗಲಿ ಈ ಕೋಳಿ ಅಂಗಡಿಯ ಪಂಜರಕ್ಕಿಳಿದು ಗಿರಾಕಿಯ ಕಣ್ಣೆದುರಿಗೇ ಕೊಯ್ಯಿಸಿಕೊಂಡರೆ ಸಂಶಯಕ್ಕೆ ಎಡೆಯಿಲ್ಲ. ಕೊಯ್ದವನ ಬಾಯಿ ಅಲುಗಿದ್ದನ್ನು ಕೊಂಡವನು ಕಂಡಿದ್ದಾನೆ. ಆದರೆ ಬೆಂಗಳೂರಿನ ಸೂಪರ್ ಮಾರ್ಕೆಟ್ಟಿನ ಶೀತಪೆಟ್ಟಿಗೆಯಲ್ಲಿ ಮಂಜುಗಟ್ಟಿ ಮಲಗಿದ ಕೋಳಿಯ ಸಂಗತಿ ಹೇಗೆ? ಅದು ಕೊಯ್ಯಿಸಿಕೊಂಡದ್ದು ದೂರದ ಕಾರ್ಖಾನೆಯಲ್ಲಿ. ಅಲ್ಲಿ ಹಕ್ಕಿಗಳು ಸರಪಣಿಗೆ ತಲೆಕೆಳಗಾಗಿ ತೂಗಿಕೊಂಡು ಒಂದರ ಹಿಂದೊಂದು ಸಾಗುತ್ತವೆ. ಹಲವೆಡೆ ವಿದ್ಯುತ್ತು ಹರಿಸಿದ ನೀರಿನಲ್ಲಿ ಅವುಗಳ ತಲೆಯನ್ನು ಅದ್ದಿ ಪ್ರಜ್ಞೆ ತಪ್ಪಿಸುತ್ತಾರೆ. ಇಲ್ಲಿ ಮುಸಲ್ಮಾನ ಪಂಡಿತರಲ್ಲಿಯೇ ಮತಭೇದ ಹುಟ್ಟಿತು. ಹಕ್ಕಿ ಸಾಯದೆ ಪ್ರಜ್ಞೆ ಮಾತ್ರ ತಪ್ಪಿದರೆ ಅಡ್ಡಿಯಿಲ್ಲವೆಂದು ಕೆಲವರು, ಪ್ರಜ್ಞೆ ತಪ್ಪಿಸುವುದೇ ಸಲ್ಲದೆಂದು ಕೆಲವರು. ಯಂತ್ರದ ಅಲಗು ಕೊಯ್ಯಬಹುದು, ಗುಂಡಿ ಒತ್ತುವವನು ದೇವರ ಹೆಸರು ಹೇಳಿದರೆ ಸಾಕೆಂದು ಒಂದು ಪಕ್ಷ. ಒಂದೊಂದು ಹಕ್ಕಿಗೂ ಮನುಷ್ಯನ ಕೈಯೇ ಬೇಕೆಂದು ಇನ್ನೊಂದು ಪಕ್ಷ. ಕೊಳ್ಳುವವನು ಇದಾವುದನ್ನೂ ಕಾಣಲಾರ. ಅವನ ಪರವಾಗಿ ಯಾರಾದರೂ ಹೋಗಿ ನೋಡಿಬಂದು, ನೋಡಿದೆನೆಂದು ಮುದ್ರೆ ಒತ್ತಬೇಕು. ಹಲಾಲಿನ ಪ್ರಮಾಣಪತ್ರವೆಂಬುದು ಹುಟ್ಟಿದ್ದು ಹೀಗೆ: ಕತ್ತಿಗೂ ತಟ್ಟೆಗೂ ನಡುವಣ ದೂರ ಬೆಳೆದಾಗ, ಪರಿಚಯದ ಮುಖಕ್ಕೆ ಬದಲಾಗಿ ಬಂದ ಕಾಗದ ಅದು.

ಮಲೇಷ್ಯಾ ಸರ್ಕಾರದ ಧಾರ್ಮಿಕ ವಿಭಾಗವು ಇಂಥ ಪತ್ರಗಳನ್ನು ಕೊಡತೊಡಗಿದ್ದು 1974ರಲ್ಲಿ. ಮುಂದೆ ಅದೊಂದು ಶಾಸ್ತ್ರವಾಗಿಯೇ ಬೆಳೆಯಿತು. ಮಾಂಸದಿಂದ ಆರಂಭವಾದ ವಿಚಾರಣೆ ಬಿಸ್ಕತ್ತು, ಚಾಕೊಲೇಟು, ಔಷಧದ ಗುಳಿಗೆಗಳವರೆಗೂ ಹೋಯಿತು. ಇದನ್ನು ಕೇಳಿ ನಗುವವರುಂಟು. ಆದರೆ ಕಾರ್ಖಾನೆಯ ತಿಂಡಿಯ ಒಳಗನ್ನು ಬಲ್ಲವರು ನಗಲಾರರು. ಮಿಠಾಯಿಯನ್ನು ಮೆತ್ತಗಾಗಿಸುವ ಜೆಲಟಿನ್ನು ಪ್ರಾಣಿಯ ಚರ್ಮ, ಮೂಳೆಗಳಿಂದ ತೆಗೆದದ್ದು. ಯಾವ ಪ್ರಾಣಿಯದೆಂದು ಮಿಠಾಯಿ ಹೇಳುವುದಿಲ್ಲ. ಎಣ್ಣೆ ನೀರುಗಳನ್ನು ಬೆರೆಸಿ ಹಿಡಿಯುವ ಇ 471 ಎಂಬ ವಸ್ತು ಗಿಡದ ಎಣ್ಣೆಯಿಂದಲೂ ಬರಬಹುದು, ಪ್ರಾಣಿಯ ಕೊಬ್ಬಿನಿಂದಲೂ ಬರಬಹುದು. ಇ 120 ಎಂಬ ಕೆಂಪು ಬಣ್ಣ ಕೀಟಗಳಿಂದ ಆದದ್ದು. ಪರಿಮಳದ ದ್ರಾವಣಗಳಲ್ಲಿ ಆಲ್ಕೋಹಾಲು ಇರುವುದುಂಟು. ಈ ವಿಷಯದಲ್ಲಿ ಮಡಿವಂತ ಬ್ರಾಹ್ಮಣ ಗೃಹಿಣಿಗೂ ಜೈನ ಗೃಹಿಣಿಗೂ ಮುಸಲ್ಮಾನ ಗೃಹಿಣಿಗೂ ಇರುವ ಚಿಂತೆ ಒಂದೇ ಜಾತಿಯದು. ಮೊದಲ ಇಬ್ಬರ ಅನುಕೂಲಕ್ಕೆ ಭಾರತ ಸರ್ಕಾರ ಪೊಟ್ಟಣಗಳ ಮೇಲೆ ಹಸುರು ಚುಕ್ಕೆಯನ್ನು ಕಡ್ಡಾಯ ಮಾಡಿದೆ. ಮೂರನೆಯವಳ ಮುದ್ರೆ ಕಡ್ಡಾಯವಲ್ಲ. ಬೇಕಾದ ಕಂಪೆನಿ ಶುಲ್ಕ ತೆತ್ತು ಪಡೆಯುತ್ತದೆ. ಅದನ್ನು ಕೊಡುವುದು ಚೆನ್ನೈಯ ಹಲಾಲ್ ಇಂಡಿಯಾ, ದಿಲ್ಲಿಯ ಜಮೀಯತ್ ಉಲಮಾ ಹಲಾಲ್ ಟ್ರಸ್ಟ್ ಮುಂತಾದ ಖಾಸಗಿ ಸಂಸ್ಥೆಗಳು. ಅವರ ಪರೀಕ್ಷಕರು ಕಾರ್ಖಾನೆಗೆ ಬಂದು ಕಚ್ಚಾವಸ್ತುಗಳ ಪಟ್ಟಿ, ಅವು ಬಂದ ಮೂಲ, ಯಂತ್ರಗಳನ್ನು ತೊಳೆಯುವ ಕ್ರಮ, ಗೋದಾಮಿನಲ್ಲಿ ಬೇರೆ ಬೇರೆ ಇಟ್ಟ ರೀತಿ ಇವನ್ನು ನೋಡುತ್ತಾರೆ. ಪತ್ರಕ್ಕೆ ಅವಧಿಯುಂಟು, ಅದು ಮುಗಿದರೆ ಮತ್ತೆ ಪರೀಕ್ಷೆ, ಮತ್ತೆ ಶುಲ್ಕ.

ಕಂಪೆನಿಗಳು ಈ ಶುಲ್ಕ ತೆರುವುದು ಭಕ್ತಿಯಿಂದಲ್ಲ, ಹಡಗಿಗಾಗಿ. ಕೊಲ್ಲಿ ನಾಡುಗಳಲ್ಲಿ, ಮಲೇಷ್ಯಾದಲ್ಲಿ ಸರಕು ಇಳಿಯಬೇಕಾದರೆ ಹಲವು ಪದಾರ್ಥಗಳಿಗೆ ಈ ಮುದ್ರೆ ಬೇಕು. ಇಂಡೋನೇಷ್ಯಾ 2014ರಲ್ಲಿ ಕಾಯ್ದೆ ಮಾಡಿ, 2024ರ ಅಕ್ಟೋಬರಿನಿಂದ ಅದನ್ನು ಹಂತಹಂತವಾಗಿ ಕಡ್ಡಾಯಗೊಳಿಸತೊಡಗಿತು. ಹೊರದೇಶಕ್ಕೆ ಒಂದು, ಒಳನಾಡಿಗೆ ಒಂದು ಎಂದು ಎರಡು ಯಂತ್ರಸಾಲು ಇಡುವುದು ದುಬಾರಿಯಾದ್ದರಿಂದ ಅದೇ ಮುದ್ರೆಯ ಪೊಟ್ಟಣ ಅರಕಲಗೂಡಿನ ಕಿರಾಣಿ ಅಂಗಡಿಗೂ ಬಂದು ಕುಳಿತುಬಿಡುತ್ತದೆ. 2023ರ ಜುಲೈಯಲ್ಲಿ ರೈಲಿನ ಪ್ರಯಾಣಿಕನೊಬ್ಬ ತನಗೆ ಕೊಟ್ಟ ಚಹಾಪುಡಿಯ ಪೊಟ್ಟಣದ ಮೇಲೆ ಹಲಾಲಿನ ಮಾತನ್ನು ಕಂಡು, ಚಹಾಕ್ಕೆ ಇದೇಕೆಂದು ಸಿಬ್ಬಂದಿಯೊಡನೆ ವಾದಕ್ಕಿಳಿದ ದೃಶ್ಯ ದೇಶವೆಲ್ಲ ಹರಡಿತು. ಚಹಾ ಸಸ್ಯಾಹಾರವೇ ಸ್ವಾಮಿ ಎಂದು ಸಿಬ್ಬಂದಿ ಎಷ್ಟು ಹೇಳಿದರೂ ಪ್ರಯಾಣಿಕನಿಗೆ ಸಮಾಧಾನವಿಲ್ಲ. ಇಬ್ಬರ ಮಾತಿನಲ್ಲಿಯೂ ಒಂದಿಷ್ಟು ನ್ಯಾಯವಿತ್ತು. ತನಗೆ ಬೇಡದ ಧಾರ್ಮಿಕ ಮುದ್ರೆ ತನ್ನ ಬಟ್ಟಲಿಗೆ ಏಕೆ ಬರಬೇಕೆಂಬ ಪ್ರಶ್ನೆ ಕೇಳತಕ್ಕದ್ದೇ. ಉತ್ತರ ಮಾತ್ರ ವ್ಯಾಪಾರದ ಲೆಕ್ಕದಲ್ಲಿದೆ, ಮತಾಂತರದ ಹಂಚಿಕೆಯಲ್ಲಿ ಇಲ್ಲ.

ಈ ದೊಡ್ಡ ಲೋಕದ ಜಗಳ ಹಳ್ಳಿಯ ಕುರಿಯಂಗಡಿಯ ಬಾಗಿಲಿಗೆ ಬಂದು ನಿಂತದ್ದು 2022ರ ಯುಗಾದಿಯ ಹೊತ್ತಿಗೆ. ಆ ವರ್ಷ ಯುಗಾದಿ ಏಪ್ರಿಲ್ 2ರಂದು, ಹೊಸತೊಡಕು ಮರುದಿನ. ಮಾರ್ಚ್ ಕಡೆಯ ವಾರದಲ್ಲಿ ಕೆಲವು ಹಿಂದೂ ಸಂಘಟನೆಗಳು ಹೊಸತೊಡಕಿಗೆ ಹಲಾಲಿನ ಮಾಂಸವನ್ನು ಕೊಳ್ಳಬೇಡಿರೆಂದು ಕರೆ ಕೊಟ್ಟವು. ಒಂದು ದೇವರಿಗೆ ಅರ್ಪಿತವಾದುದನ್ನು ಇನ್ನೊಂದು ದೇವರಿಗೆ ಎಡೆ ಇಡಬಾರದೆಂಬುದು ಅವರ ವಾದ. ಹಲಾಲ್ ಆರ್ಥಿಕ ಜಿಹಾದ್ ಎಂದು ಆಗಿನ ಆಡಳಿತ ಪಕ್ಷದ ನಾಯಕ ಸಿ. ಟಿ. ರವಿಯವರು ಹೇಳಿದರು. ಗಂಭೀರ ಆಕ್ಷೇಪಣೆಗಳು ಬಂದಿವೆ, ಪರಿಶೀಲಿಸಲಾಗುವುದು ಎಂದರು ಮುಖ್ಯಮಂತ್ರಿ ಬಸವರಾಜ ಬೊಮ್ಮಾಯಿ. ಕಸಾಯಿಖಾನೆಗಳಲ್ಲಿ ಪ್ರಾಣಿಗೆ ಮೊದಲು ಪ್ರಜ್ಞೆ ತಪ್ಪಿಸುವ ವ್ಯವಸ್ಥೆ ಇದೆಯೇ ನೋಡಿರೆಂದು ಪಶುಸಂಗೋಪನಾ ಇಲಾಖೆ ಬೆಂಗಳೂರಿನ ಪಾಲಿಕೆಗೆ ಪತ್ರ ಬರೆಯಿತು. ಹಲಾಲಿಗೆ ಪ್ರತಿಯಾಗಿ ಜಟ್ಕಾ ಮಾಂಸವನ್ನು ಕೊಳ್ಳಿರೆಂಬ ಮಾತು ಎದ್ದಿತು. ಒಂದೇ ಏಟಿಗೆ ತಲೆ ಕಡಿಯುವ ಈ ಪದ್ಧತಿಯ ಹೆಸರು ಪಂಜಾಬದ ಕಡೆಯದು. ಮೈಸೂರು ಸೀಮೆಯ ಹಿರಿಯರಿಗೆ ಜಟಕಾ ಎಂದರೆ ಕುದುರೆಗಾಡಿ. ಮಟನ್ನಿಗೂ ಜಟಕಾಕ್ಕೂ ಏನು ಸಂಬಂಧವೆಂದು ಮೊಮ್ಮಕ್ಕಳನ್ನು ಕೇಳಿದ ಅಜ್ಜಂದಿರು ಆ ವಾರ ಒಬ್ಬಿಬ್ಬರಲ್ಲ.

ನಗೆಯ ಹಿಂದೆ ನೋವೂ ಇತ್ತು. ಸಣ್ಣ ಊರಿನ ಕಟುಕನಿಗೆ ವರ್ಷದ ಲಾಭದಲ್ಲಿ ದೊಡ್ಡ ಪಾಲು ಆ ಒಂದು ದಿನದ್ದು. ಅದನ್ನು ನಂಬಿ ಅವನು ಮುಂಗಡ ಕೊಟ್ಟು ಟಗರುಗಳನ್ನು ಗೊತ್ತುಮಾಡಿರುತ್ತಾನೆ. ಚೀಟಿಯ ಹಣ ಅವನ ಕೈಯಲ್ಲಿದೆ. ಗಿರಾಕಿ ಬಾರದಿದ್ದರೆ ಟಗರು ಅವನ ತಲೆಯ ಮೇಲೆ. ಅವನು ಕೊಳ್ಳದಿದ್ದರೆ ಅದೇ ಟಗರು ರೈತನ ತಲೆಯ ಮೇಲೆ. ಈ ಸಣ್ಣ ಕಟುಕನ ಬಳಿ ಯಾವ ಸಂಸ್ಥೆಯ ಪ್ರಮಾಣಪತ್ರವೂ ಇರಲಿಲ್ಲ, ಶುಲ್ಕವನ್ನು ಅವನು ಯಾರಿಗೂ ತೆತ್ತವನಲ್ಲ. ಪತ್ರದ ಮೇಲಿನ ಸಿಟ್ಟು ಪತ್ರವೇ ಇಲ್ಲದವನ ಮೇಲೆ ತಿರುಗಿದ್ದು ಆ ವರ್ಷದ ವಿಚಿತ್ರ. ದೊಡ್ಡ ಕಾರ್ಖಾನೆಗಳ ಸರಪಣಿಗಳು ಎಂದಿನಂತೆ ಓಡುತ್ತಲೇ ಇದ್ದುವು.

ಹೊಸತೊಡಕಿನ ಬೆಳಗು ರಾಜ್ಯದ ಅನೇಕ ಕಡೆ ಮಾಂಸದಂಗಡಿಗಳ ಮುಂದೆ ಎಂದಿನ ಸಾಲುಗಳಿದ್ದುವು. ಬೇರೆ ಅಂಗಡಿಯನ್ನು ಹುಡುಕಿಹೋದವರೂ ಇದ್ದರು. ಅದೇ ತಿಂಗಳು ಹಾಸನ ಜಿಲ್ಲೆಯದೇ ಆದ ಬೇಲೂರಿನಲ್ಲಿ ಇನ್ನೊಂದು ಪರೀಕ್ಷೆ ಕಾದಿತ್ತು. ಚೆನ್ನಕೇಶವನ ರಥ ಹೊರಡುವ ಮುನ್ನ ಕುರಾನಿನ ಪಠಣವಾಗುವ ರೂಢಿ ಅಲ್ಲಿ ಬಹುಕಾಲದ್ದು. ಅದು ನಿಲ್ಲಬೇಕೆಂಬ ಒತ್ತಾಯ ಬಂದರೂ ಮುಜರಾಯಿ ಇಲಾಖೆ ಹಳೆಯ ಪದ್ಧತಿಗೆ ಒಪ್ಪಿಗೆಯಿತ್ತು, ಪಠಣ ನಡೆಯಿತು, ರಥ ಹೊರಟಿತು. ಆ ವರ್ಷದ ಡಿಸೆಂಬರಿನಲ್ಲಿ, ಬೆಳಗಾವಿಯ ಅಧಿವೇಶನದ ಹೊತ್ತಿಗೆ, ಖಾಸಗಿ ಸಂಸ್ಥೆಗಳ ಹಲಾಲ್ ಪತ್ರವನ್ನು ನಿಷೇಧಿಸುವ ಮಸೂದೆಯ ಮಾತು ಮತ್ತೆ ಎದ್ದಿತಾದರೂ ಅದು ಕಾಯ್ದೆಯಾಗಲಿಲ್ಲ. ಉತ್ತರ ಪ್ರದೇಶದಲ್ಲಿ ಮಾತ್ರ 2023ರ ನವೆಂಬರ್ 18ರಂದು ಇಂಥ ಮುದ್ರೆಯ ಸರಕುಗಳ ಮಾರಾಟವನ್ನು ನಿಷೇಧಿಸಲಾಯಿತು, ರಫ್ತಿಗೆ ವಿನಾಯಿತಿ. ಕೇಂದ್ರ ಸರ್ಕಾರವಾದರೋ ಅದೇ ವರ್ಷದ ಏಪ್ರಿಲಿನಲ್ಲಿ, ಹಲಾಲೆಂದು ಹೊರದೇಶಕ್ಕೆ ಹೋಗುವ ಮಾಂಸಕ್ಕೆ ಮಾನ್ಯತೆ ಪಡೆದ ಸಂಸ್ಥೆಯ ಪತ್ರವೇ ಬೇಕೆಂದು ನಿಯಮ ಮಾಡಿತ್ತು. ಒಳಗೆ ಬೇಡವಾದದ್ದು ಹೊರಗೆ ಹೋಗುವಾಗ ಬೇಕು. ವಿದೇಶಿ ವಿನಿಮಯಕ್ಕೆ ಮಡಿಯಿಲ್ಲ.

ಮಲ್ಲಿಪಟ್ಟಣದ ಸೀಮೆಯಲ್ಲಿ ಹೊಸತೊಡಕಿನ ಪಾತ್ರೆಗಳನ್ನು ತೊಳೆದಿಟ್ಟ ಮೇಲೆ ಬಕ್ರೀದಿನ ಲೆಕ್ಕ ಆರಂಭವಾಗುತ್ತದೆ. ಅದಕ್ಕೆ ಬೇಕಾದ ಟಗರು ಬೇರೆಯ ಜಾತಿಯದು. ವಯಸ್ಸು ತುಂಬಿರಬೇಕು, ಕುಂಟಾಗಿರಬಾರದು, ಕುರುಡಾಗಿರಬಾರದು, ಕೋಡು ಬುಡದಿಂದ ಮುರಿದಿರಬಾರದು. ಕೊಯ್ದ ಮಾಂಸದಲ್ಲಿ ಒಂದು ಪಾಲು ಮನೆಗೆ, ಒಂದು ಪಾಲು ನೆಂಟರಿಗೂ ಸ್ನೇಹಿತರಿಗೂ, ಒಂದು ಪಾಲು ಬಡವರಿಗೆ. ಇಂಥ ಟಗರಿಗೆ ಸಾಮಾನ್ಯ ಕುರಿಯ ಬೆಲೆಯಲ್ಲ. ಹುರುಳಿ, ಜೋಳ ತಿನ್ನಿಸಿ, ಮೈ ತೊಳೆದು, ಮಗುವಿನಂತೆ ಸಾಕಿದವನಿಗೆ ಒಳ್ಳೆಯ ಹಣ ಸಿಕ್ಕುತ್ತದೆ. ತೊಂದರೆಯೆಂದರೆ ಚಾಂದ್ರಮಾನದ ಈ ಹಬ್ಬ ವರ್ಷ ವರ್ಷಕ್ಕೂ ಹತ್ತು ಹನ್ನೊಂದು ದಿನ ಹಿಂದಕ್ಕೆ ಸರಿಯುತ್ತದೆ. ನಮ್ಮ ಪಂಚಾಂಗದಂತೆ ಅಧಿಕಮಾಸ ಹಾಕಿ ಸರಿದೂಗಿಸುವ ಪದ್ಧತಿ ಅಲ್ಲಿಲ್ಲ. ಮರಿಯನ್ನು ಯಾವಾಗ ಕಟ್ಟಿದರೆ ಹಬ್ಬಕ್ಕೆ ಸರಿಯಾಗಿ ಬಲಿತೀತೆಂಬುದು ರೈತನಿಗೆ ತಿಳಿಯಬೇಕು.

“ಈ ಸಲ ಬಕ್ರೀದು ಯಾವಾಗ್ ಬೀಳ್ತದೆ ಸಾಬ್ರೇ?” ಎಂದು ಅವನು ಅಂಗಡಿಯ ಜಗಲಿಯ ಮೇಲೆ ಕುಳಿತು ಕೇಳುತ್ತಾನೆ.

“ಚಂದ್ರ ಕಂಡ್ಮೇಲೆ ಗೌಡ್ರೇ. ಆದ್ರೂ ಅಂದಾಜು ಹೇಳ್ತೀನಿ ಇರಿ” ಎಂದು ಸಾಬರು ಕತ್ತಿಯನ್ನು ಕೆಳಗಿಟ್ಟು, ಕೈಯನ್ನು ಒರೆಸಿಕೊಂಡು, ಗೋಡೆಯ ಮೇಲೆ ತೂಗಿದ ಕ್ಯಾಲೆಂಡರಿನ ಹಾಳೆಗಳನ್ನು ತಿರುವಿಹಾಕತೊಡಗುತ್ತಾರೆ. ಅದರಲ್ಲಿ ಏಕಾದಶಿ, ಸಂಕಷ್ಟಿ, ಅಮಾವಾಸ್ಯೆಗಳ ಸುತ್ತ ಅವರೇ ಎಳೆದ ಕೆಂಪು ಗೀಟುಗಳಿವೆ.